ಎರಡೂ ಇಪ್ಪತ್ತರ ಜಟಕಾಗಾಡಿ

ಹೊಸಗೆರೆಯ ಭಟ್ಟಿ ಸರ್ಕಲ್ಲಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ರಸ್ತೆ ಎದ್ದು ನಿಲ್ಲುತ್ತಿತ್ತು. ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೇ ಏಳುತ್ತಿತ್ತು. ನಡುರಸ್ತೆಯಲ್ಲಿ ಸಾಲಾಗಿ ಹಾಸಿದ್ದ ಆರು ಮೂಲೆಯ ಬಿಲ್ಲೆಗಳ ಕೆಳಗೆ ಎಣ್ಣೆ ತುಂಬಿದ ಚೀಲಗಳಿದ್ದವು. ಅಪ್ಪಣೆ ಬಂದ ಕೂಡಲೇ ಚೀಲ ಉಬ್ಬಿ, ಬಿಲ್ಲೆಗಳು ಒಂದರ ಪಕ್ಕ ಒಂದು ಮೇಲೆದ್ದು, ಅರ್ಧ ನಿಮಿಷದಲ್ಲಿ ಎದೆಮಟ್ಟದ ಗೋಡೆಯಾಗುತ್ತಿದ್ದವು. ಮೂರು ಗಂಟೆಗೆ ಮತ್ತೆ ನೆಲಕ್ಕೆ ಮಲಗುತ್ತಿದ್ದವು. ಊರಿನವರು ಇದಕ್ಕೆ ಏಳುಹಾಸು ಎಂದು ಹೆಸರಿಟ್ಟಿದ್ದರು. ಬಂದ ಹೊಸತರಲ್ಲಿ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ತೋರಿಸುತ್ತಿದ್ದರು. ಈಗ ಯಾರೂ ತೋರಿಸುತ್ತಿರಲಿಲ್ಲ, ಬೈಯುತ್ತಿದ್ದರು ಅಷ್ಟೆ.

ಬೈಯುವವರಲ್ಲಿ ಮೊದಲಿಗಳು ಮಾಬಮ್ಮ. ಎಪ್ಪತ್ತನಾಲ್ಕು ವರ್ಷದ ಈ ಮುದುಕಿ ನಲವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತವಳು. ಕೆಲಸ ಬಿಟ್ಟು ಹತ್ತು ವರ್ಷವಾಗಿದ್ದರೂ ಭಟ್ಟಿಯ ಹೆಂಗಸರ ಜೊತೆ ಹರಟದಿದ್ದರೆ ಉಂಡದ್ದು ಅರಗುವುದಿಲ್ಲ ಎಂದು ದಿನಾ ಅಲ್ಲಿಗೆ ಹೋಗುತ್ತಿದ್ದಳು. ಭಟ್ಟಿಯ ಪಾಳಿ ಬೆಳಗಿನ ನಾಲ್ಕಕ್ಕೆ ಶುರುವಾಗಿ ಮಧ್ಯಾಹ್ನ ಎರಡಕ್ಕೆ ಬಿಡುತ್ತದೆ. ಬಿಡುವ ಹೊತ್ತಿಗೇ ಗೋಡೆ ಏಳುತ್ತದೆ. ಮನೆಗಳೆಲ್ಲ ರಸ್ತೆಯ ಆಚೆ. ಸುತ್ತಿಕೊಂಡು ಹೋದರೆ ಒಂದೂವರೆ ಕಿಲೋಮೀಟರ್. ಹತ್ತು ತಾಸು ಬೆಂಕಿಯ ಮುಂದೆ ಬೆಂದವರಿಗೆ ಆ ಒಂದೂವರೆ ಕಿಲೋಮೀಟರ್ ಯಾರಿಗೆ ಬೇಕು? ಹೆಂಗಸರು ಸೀರೆ ಎತ್ತಿ ಕಟ್ಟಿ ಗೋಡೆ ಹತ್ತುತ್ತಿದ್ದರು. ಆ ಸೋಮವಾರ ಮಾಬಮ್ಮನೂ ಹತ್ತಲು ಹೋಗಿ, ಆಚೆ ಬದಿಯ ಲಾರಿ ದಾರಿಗೆ ಮೊಣಕಾಲೂರಿ ಬಿದ್ದಳು. ಬರುತ್ತಿದ್ದ ಲಾರಿ ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತು.

"ನಿನ್ ರಸ್ತೆ ನನ್ನ ತಿನ್ನಾಕ್ ಬಂದಿತ್ತು ಕಣೇ ಜೈತು," ಎಂದಳು ಸಂಜೆ ಮಗಳು ಮೊಣಕಾಲಿಗೆ ಅರಿಸಿನ ಹಚ್ಚುವಾಗ.

"ನನ್ ರಸ್ತೆ ಅಲ್ಲವ್ವ. ಸಂಚಾರ ಮಂಡಳೀದು."

"ಲೆಕ್ಕ ನಿಮ್ ಕಾಲೇಜಿಂದು, ಗೋಡೆ ಅವ್ರದ್ದು. ಚಂದ ಹಂಚ್ಕಂಡೀರಿ ಬಿಡು."

ಜೈತುನಬಿ ಇನ್ನಷ್ಟು ಅರಿಸಿನ ಹಚ್ಚಿದಳು. ಅವ್ವ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಜೈತುನಬಿ ಹೊಸಗೆರೆ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಾರಿಗೆ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥೆ. ಆ ಕುರ್ಚಿಗೆ ಬಂದು ಎರಡು ತಿಂಗಳಾಗಿತ್ತು. ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಡಾಂಬರು, ಜಲ್ಲಿ, ಅಡಿಪಾಯದ ಮಣ್ಣು ಎಂದು ಪಾಠ ಮಾಡಿಕೊಂಡಿದ್ದವಳು. ಡಾಂಬರು ಎಷ್ಟು ಕಾದಿದೆ ಎಂಬುದನ್ನು ಯಂತ್ರಕ್ಕಿಂತ ಮೊದಲು ವಾಸನೆಯಲ್ಲೇ ಹೇಳುತ್ತಾಳೆ ಎಂದು ಹುಡುಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಕಾವಿನ ಲೆಕ್ಕ ಅವಳಿಗೆ ಹುಟ್ಟಿನಿಂದ ಬಂದದ್ದು, ಅಷ್ಟನ್ನು ಮಾತ್ರ ಅವಳು ಯಾರಿಗೂ ಹೇಳುತ್ತಿರಲಿಲ್ಲ.

ಏಳುಹಾಸನ್ನು ಆಡಿಸುವ ಯಂತ್ರಬುದ್ಧಿಯ ಹೆಸರು ಗತಿ. ಊರಿನ ಪ್ರತಿಯೊಂದು ವಾಹನವೂ ಮೈಯೊಳಗಿನ ಚಿಪ್‌ನಿಂದ ತಾನೆಲ್ಲಿದ್ದೇನೆಂದು ಗತಿಗೆ ಕ್ಷಣಕ್ಷಣಕ್ಕೂ ವರದಿ ಒಪ್ಪಿಸುತ್ತಿತ್ತು. ಆದರೆ ಕಾಲ್ನಡಿಗೆಯ ಮನುಷ್ಯರ ಮೇಲೆ ಯಾವ ಯಂತ್ರವೂ ಕಣ್ಣಿಡಬಾರದು ಎಂದು ಕಾನೂನಿತ್ತು. ಆ ಕಾನೂನಿಗಾಗಿ ಜನ ತಿಂಗಳುಗಟ್ಟಲೆ ಬೀದಿಯಲ್ಲಿ ಕೂತಿದ್ದರು, ಜೈತುನಬಿಯೂ ಕೂತಿದ್ದಳು. ಹಾಗಾಗಿ ನಡೆಯುವವರ ವಿಷಯದಲ್ಲಿ ಗತಿ ಹುಟ್ಟುಕುರುಡು. ಅದಕ್ಕೆ ಇದ್ದ ಒಂದೇ ಊರುಗೋಲು ವಿಶ್ವವಿದ್ಯಾಲಯದ ಆರನೇ ಸೆಮಿಸ್ಟರಿನ ಪ್ರಾಕ್ಟಿಕಲ್. ವರ್ಷಕ್ಕೊಂದು ದಿನ ಹುಡುಗರು ಗುಂಪುಗುಂಪಾಗಿ ಸರ್ಕಲ್ಲುಗಳಲ್ಲಿ ಕೂತು, ನಡೆದು ದಾಟುವವರನ್ನೂ ಚಿಪ್ ಇಲ್ಲದ ಎತ್ತಿನಗಾಡಿ, ಕೈಗಾಡಿಗಳನ್ನೂ ಎಣಿಸಿ ಫೀಲ್ಡ್ ಬುಕ್ಕಿನಲ್ಲಿ ಗೀಟು ಹಾಕುತ್ತಾರೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡಕ್ಕೆ. ಮೂವತ್ತೊಂದು ವರ್ಷದ ಆ ಪುಸ್ತಕಗಳನ್ನೆಲ್ಲ ಗತಿಗೆ ಉಣಿಸಲಾಗಿತ್ತು.

ಉಂಡದ್ದನ್ನು ನಂಬಿ ಅದು ಗೋಡೆ ಎಬ್ಬಿಸುತ್ತಿತ್ತು. ಮೂರು ತಿಂಗಳ ಹಿಂದೆ ಹೊಸ ಲಾರಿ ದಾರಿ ಆ ಸರ್ಕಲ್ಲಿನ ಮೂಲಕ ಹಾದುಹೋದ ಮೇಲೆ, ಅಲ್ಲಿ ಜನ ಅತಿ ಕಡಿಮೆ ದಾಟುವ ತಾಸು ಯಾವುದೆಂದು ಗತಿ ಹುಡುಕಿ ಎರಡರಿಂದ ಮೂರನ್ನು ಆರಿಸಿತ್ತು. ಈಗ ಸಂಚಾರ ಮಂಡಳಿ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಆ ಗೋಡೆಯನ್ನು ಇಡೀ ದಿನಕ್ಕೆ ಕಾಯಂ ಮಾಡಿ ಕಾಂಕ್ರೀಟು ತುಂಬಿಸುವುದು, ದಾಟುವ ಜಾಗವನ್ನೇ ತೆಗೆದುಹಾಕುವುದು. ಅದಕ್ಕೆ ಬೇಕಾದದ್ದು ಒಂದೇ ಒಂದು ಕಾಗದ: ಎಣಿಕೆ ಸರಿಯಾಗಿದೆ ಎಂದು ವಿಭಾಗದ ಮುಖ್ಯಸ್ಥರ ಸಹಿ.

ಮಂಗಳವಾರ ಮಧ್ಯಾಹ್ನ ಆ ಸಹಿಗಾಗಿಯೇ ಅವಳನ್ನು ಮಂಡಳಿಯ ಕಂಟ್ರೋಲ್ ರೂಮಿಗೆ ಕರೆಸಿದ್ದರು. ಕರೆಸಿದವನು ಮುಖ್ಯ ಎಂಜಿನಿಯರ್ ವಾಮದೇವ, ಕಾಲೇಜಿನಲ್ಲಿ ಅವಳ ಜೊತೆಗಾರ.

"ಬಾ ಜೈತು, ಕೂತ್ಕ. ಚಾ ತರಿಸ್ತೀನಿ. ಸಹಿ ಹಾಕು, ಆಮೇಲೆ ಹಳೇ ಸುದ್ದಿ ಮಾತಾಡಣ."

"ಮೊದ್ಲು ನೋಡ್ತೀನಿ ತಡಿ. ನಿನ್ನೆ ನಮ್ಮವ್ವ ಬಿದ್ದಳು ಅಲ್ಲಿ."

ಗೋಡೆಯಗಲದ ಪರದೆಯಲ್ಲಿ ಭಟ್ಟಿ ಸರ್ಕಲ್ ಹಸಿರು ಗೆರೆಗಳಲ್ಲಿ ಮಿನುಗುತ್ತಿತ್ತು. ಲಾರಿಗಳು ಇರುವೆ ಸಾಲಿನಂತೆ ಹರಿಯುತ್ತಿದ್ದವು. ಗಡಿಯಾರ ಎರಡೂ ಇಪ್ಪತ್ತು ತೋರಿಸಿತು ನೋಡಿ, ಎಡಬದಿಯ ಸಾಲು ತಟಕ್ಕನೆ ನಿಧಾನವಾಯಿತು. ಲಾರಿಗಳ ನಡುವೆ ಒಂದು ಖಾಲಿ ಜಾಗ ಹುಟ್ಟಿತು. ಆ ಖಾಲಿ ಜಾಗ ಆತುರವಿಲ್ಲದೆ ಮೆಲ್ಲಗೆ ಸರ್ಕಲ್ ದಾಟಿ, ಹಳೇ ಸಂತೆಬೀದಿಯ ಕಡೆ ತಿರುಗಿ ಮಾಯವಾಯಿತು. ಲಾರಿಗಳು ಮತ್ತೆ ಓಡತೊಡಗಿದವು.

"ಅದೇನಮ್ಮ ಅದು?" ಎಂದು ಕೇಳಿದಳು ಜೈತುನಬಿ, ಪರದೆಯ ಮುಂದೆ ಕೂತಿದ್ದ ಹುಡುಗಿಯನ್ನು.

"ಅದಾ ಮೇಡಂ? ದಿನಾ ಬರ್ತೈತಿ. ನಾವು ದೆವ್ವದ ಗಾಡಿ ಅಂತೀವಿ."

"ಒತ್ತಿ ನೋಡು, ಗತಿ ಏನಂತದೆ."

ಹುಡುಗಿ ಒತ್ತಿದಳು. ಪರದೆಯ ಮೇಲೆ ಅಕ್ಷರ ಮೂಡಿತು: ನಿಧಾನ ವಾಹನ. ಕುದುರೆ ಎಳೆಯುವ ಜಟಕಾ, ಒಂದು. ಆಧಾರ, ಮೂವತ್ತೊಂದು ಪುಸ್ತಕ. ನಂಬಿಕೆ, ನೂರಕ್ಕೆ ತೊಂಬತ್ತೊಂಬತ್ತು.

ಜೈತುನಬಿ ಚಾ ಲೋಟ ಕೆಳಗಿಟ್ಟು ಅದನ್ನು ಮತ್ತೊಮ್ಮೆ ಓದಿದಳು. ಊರಿನ ಕಟ್ಟಕಡೆಯ ಜಟಕಾ ನಿಂತು ಇಪ್ಪತ್ತೈದು ವರ್ಷವಾಗಿತ್ತು. ಆದರೆ ಎರಡೂ ಇಪ್ಪತ್ತರ ಜಟಕಾ ಅವಳಿಗೆ ಗೊತ್ತಿತ್ತು. ಅದನ್ನು ಹುಟ್ಟಿಸಿದವಳೇ ಅವಳು.

ವಾಮದೇವ ಪರದೆ ನೋಡುತ್ತಿರಲಿಲ್ಲ. ಕಿಟಕಿಯಾಚೆ ಏನನ್ನೋ ನೋಡುತ್ತಿದ್ದ.

"ಇವತ್ತು ಸಹಿ ಆಗಲ್ಲ ವಾಮು," ಎಂದು ಅವಳು ಎದ್ದುಬಂದಳು.

ಮನೆಗೆ ಬಂದಾಗ ಮಾಬಮ್ಮ ಮಂಚದ ಮೇಲೆ ಕಾಲು ಚಾಚಿ ಕೂತು ಕಡಲೆ ಬಿಡಿಸುತ್ತಿದ್ದಳು. ಜೈತುನಬಿ ನೆಲದ ಮೇಲೆ ಕೂತಳು. ಕಡಲೆಸಿಪ್ಪೆ ಗುಡ್ಡೆ ಮಾಡುತ್ತ ಹೇಳತೊಡಗಿದಳು.

"ಅವ್ವ, ನಾನು ಆರನೇ ಸೆಮಿಸ್ಟರ್ ಇದ್ದಾಗ ಭಟ್ಟಿ ಸರ್ಕಲ್ಲಿನಾಗೆ ಎಣಿಕಿಗೆ ಕೂತಿದ್ದೆ. ಬೇವಿನ ಮರದ ಕೆಳಗೆ. ನಾಲ್ಕು ಜನ ಇದ್ವಿ, ವಾಮದೇವನೂ ಇದ್ದ."

"ಗೊತ್ತು."

"ಎರಡು ಗಂಟೆ ಆತಿದ್ದಂಗೆ ಎಲ್ಲಾರ್ನೂ ಕ್ಯಾಂಟೀನಿಗೆ ಎಬ್ಬಿಸ್ಕಂಡು ಹೋದೆ. ಬಿಸಿಲು ಅಂದೆ. ಈ ತಾಸಿಂದು ನಾನೇ ಬರ್ಕಂತೀನಿ ಬರ್ರಿ ಅಂದೆ. ಕೂತಲ್ಲೇ ಏಳು ಜನ ಅಂತ ಬರೆದೆ. ಬರೀ ಏಳು ಅಂದ್ರೆ ಸಪ್ಪೆ ಕಾಣ್ತದೆ, ಒಂದ್ ಜಟಕಾ ಹಾಕು, ನಿಜ ಅನ್ನಿಸ್ತದೆ ಅಂದ ವಾಮು. ಎರಡೂ ಇಪ್ಪತ್ತಕ್ಕೆ ಒಂದ್ ಜಟಕಾ ಹಾಕಿದೆ."

"ಬಿಸಿಲಿಗೆ ಹೋದ್ಯಾ?" ಮಾಬಮ್ಮ ಕಡಲೆಯಿಂದ ಕಣ್ಣೆತ್ತಲಿಲ್ಲ.

ಜೈತುನಬಿ ತಲೆ ತಗ್ಗಿಸಿದಳು. "ನಮ್ಮಪ್ಪಂದು ದವಸದ ಅಂಗಡಿ ಐತಿ ಅಂತ ಅವ್ರಿಗೆಲ್ಲ ಹೇಳಿದ್ದೆ. ನೀನು ಮಸಿ ಮುಖದಾಗೆ, ಸೀರೆ ಎತ್ತಿ ಕಟ್ಕಂಡು, ಎರಡು ಗಂಟೆಗೆ ಅಲ್ಲಿ ದಾಟ್ತಿದ್ದೆ."

ಮಾಬಮ್ಮ ಇನ್ನೂ ನಾಲ್ಕೈದು ಕಾಯಿ ಬಿಡಿಸಿದಳು. ಆಮೇಲೆ, "ಆವತ್ತು ನಿಮಗೆಲ್ಲ ಅಂತ ಬಿಸಿ ಮಂಡಕ್ಕಿ ತಂದಿದ್ದೆ," ಎಂದಳು. "ಮುಖಾನೂ ತೊಳ್ಕಂಡು ಬಂದಿದ್ದೆ. ಮರದ ಕೆಳಗೆ ಪುಸ್ತಕ ಇತ್ತು, ಮೇಲೊಂದು ಕಲ್ಲು ಇತ್ತು, ನೀವಿರ್ಲಿಲ್ಲ. ಒಂದ್ ಗಳಿಗಿ ಕಾದೆ."

ಜೈತುನಬಿಗೆ ಅಳು ಬಂತು. ಮುದುಕಿ ಗದರಿದಳು: "ಅಳ್ಬ್ಯಾಡ, ಕಡ್ಲಿಗೆ ಉಪ್ಪು ನಾನೇ ಹಾಕ್ಕಂತೀನಿ. ನಂಗ್ ಮಾಡಿದ್ದು ಹೋಗ್ಲಿ. ಆ ಹನುಮಕ್ಕ, ಶಾಂತವ್ವ, ಆ ಬಸಿರಿ ಹೆಂಗ್ಸು, ಅವ್ರು ದಿನಾ ಗೋಡೆ ಹತ್ತಾಕತ್ತಾರಲ್ಲ, ಅವ್ರು ನಿನಗೇನ್ ಮಾಡಿದ್ರು? ಬರೆದಾಕಿ ನೀನು. ಅಳ್ಸು."

ಬುಧವಾರ ತರಗತಿಗೆ ಅವಳು ದಾಸ್ತಾನು ಕೋಣೆಯ ಹಳೇ ಟ್ರಂಕನ್ನು ತರಿಸಿದಳು. ಮೂವತ್ತೊಂದು ಫೀಲ್ಡ್ ಬುಕ್ಕುಗಳನ್ನು ಹಂಚಿ, "ಭಟ್ಟಿ ಸರ್ಕಲ್, ಎರಡರಿಂದ ಮೂರು, ಗಟ್ಟಿಯಾಗಿ ಓದ್ರಿ," ಎಂದಳು.

"ಏಳು ಜನ, ಒಂದು ಜಟಕಾ." "ಎಂಟು ಜನ, ಒಂದು ಜಟಕಾ." "ಆರು ಜನ, ಜಟಕಾ ಒಂದು." ಐದನೆಯವನು ಓದುವಷ್ಟರಲ್ಲಿ ತರಗತಿಯಲ್ಲಿ ನಗು ಎದ್ದಿತ್ತು. ಒಬ್ಬ ಪುಣ್ಯಾತ್ಮ ಕುದುರೆಯ ಬಣ್ಣವನ್ನೂ ಬರೆದಿದ್ದ, ಕಂದು. ಹಿರಿಯರ ಪುಸ್ತಕ ನೋಡಿ ಕಿರಿಯರು ಬರೆಯುವುದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊಸದೇನಲ್ಲ. ಮಾನಕ್ಕಂಜಿ ಒಂದೆರಡು ಅಂಕಿ ಹಿಂದೆ ಮುಂದೆ ಮಾಡುತ್ತಾರೆ. ಜೈತುನಬಿಯ ಪುಸ್ತಕದ ಅಕ್ಷರ ಮುತ್ತಿನಂತಿತ್ತು. ಮಾದರಿ ಪುಸ್ತಕವೆಂದು ಅದನ್ನೇ ವರ್ಷವರ್ಷ ಕೈಯಿಂದ ಕೈಗೆ ದಾಟಿಸಿದ್ದರು.

"ಹೋದ ವರ್ಷದ್ದು ಯಾರ್ದು?"

ಹಿಂದಿನ ಬೆಂಚಿನಿಂದ ತಿಪ್ಪೇಶ ಎದ್ದುನಿಂತ. ಪ್ರಾಕ್ಟಿಕಲ್ ಪಾಸಾಗಿ ಥಿಯರಿಯಲ್ಲಿ ಉಳಿದುಕೊಂಡವನು, ಬಾಯಿಗೆ ಬೀಗವಿಲ್ಲದವನು. "ನಂದು ಮೇಡಂ. ಮಸಾಲೆ ದೋಸೆ ತಿನ್ನಾಕ್ ಹೋಗಿದ್ವಿ."

"ಜಟಕಾ ನೋಡಿದ್ಯೇನೋ?"

"ಇಲ್ಲ ಮೇಡಂ. ಜಟಕಾ ಅಂದ್ರೆ ಯಾವ್ದೋ ಆಟೋ ಕಂಪ್ನಿ ಅಂದ್ಕಂಡಿದ್ದೆ."

ನಗು ನಿಲ್ಲುವ ತನಕ ಕಾದು ಅವಳು ಹೇಳಿದಳು: "ಮೊದ್ಲನೇ ಪುಸ್ತಕ ನಂದು. ನಾನೂ ನೋಡಿರ್ಲಿಲ್ಲ." ಅವಳು ಕ್ಯಾಂಟೀನಿನ ಕಥೆ ಹೇಳಿದಳು, ಅವ್ವನ ಮಸಿ ಮುಖದ ಕಥೆಯನ್ನೂ ಬಿಡದೆ ಹೇಳಿದಳು. ಹುಡುಗರು ಬೆಂಚಿನ ಅಂಚು ಕೆರೆಯುತ್ತ ಕೇಳಿದರು.

ಅಂದು ಮಧ್ಯಾಹ್ನವೇ ಇಡೀ ತರಗತಿ ಬೇವಿನ ಮರದ ಕೆಳಗೆ ಕೂತು ಎಣಿಸಿತು. ಗೋಡೆ ಹತ್ತಿ ದಾಟಿದವರು ಮುನ್ನೂರ ಎಂಬತ್ತಾರು ಜನ. ಅಂಕಿಯನ್ನು ಕಳಿಸಿದ ಎರಡೇ ಕ್ಷಣದಲ್ಲಿ ಗತಿಯ ಉತ್ತರ ಬಂತು: ಅಸಂಭವ. ಎಣಿಸಿದವರ ದೋಷ. ತಿರಸ್ಕರಿಸಲಾಗಿದೆ.

"ಮೂವತ್ತೊಂದು ಸುಳ್ಳು ಒಂದು ಕಡೆ, ಒಂದು ನಿಜ ಒಂದು ಕಡೆ," ಎಂದ ತಿಪ್ಪೇಶ. "ಓಟು ಹಾಕ್ಸಿದ್ರೆ ಇನ್ನೇನಾಗ್ತದೆ ಮೇಡಂ?"

ಗುರುವಾರ ವಾಮದೇವ ತಾನೇ ವಿಭಾಗಕ್ಕೆ ಬಂದ. ಬಾಗಿಲು ಹಾಕಿಕೊಂಡ.

"ನಂಗೂ ಗೊತ್ತೈತಿ ಜೈತು. ಗತಿ ಬಂದು ನಾಕ್ ವರ್ಷ ಆತು, ಆವಾಗಿಂದ ಆ ಜಟಕಾ ನೋಡ್ತೀನಿ. ಈಗೀಗ ನೋಡಾಕಾಗ್ದೆ ಊಟದ ಡಬ್ಬಿ ಹಿಡ್ಕಂಡು ಆ ಹೊತ್ತಿಗೆ ರೂಮಿಂದ ಹೊರಗೆ ಹೋಗಿಬಿಡ್ತೀನಿ."

"ನೋಡ್ತಾ ಸುಮ್ಮನಿದ್ಯಲ್ಲ!"

"ಇನ್ನೇನ್ ಮಾಡ್ಲಿ? ಪುಸ್ತಕ ವಾಪಸ್ ತಗಂಡ್ರೆ ಏನಾಗ್ತದೆ ಗೊತ್ತಲ್ಲ? ಪ್ರಾಕ್ಟಿಕಲ್ ಫೇಲು, ಅದನ್ನ ಮತ್ತೆ ಪಾಸ್ ಮಾಡೋ ತನಕ ಡಿಗ್ರಿ ಅಮಾನತು. ಡಿಗ್ರಿ ಇಲ್ದೆ ನೀನು ಮುಖ್ಯಸ್ಥೆ ಅಲ್ಲ, ನಾನು ಮುಖ್ಯ ಎಂಜಿನಿಯರ್ ಅಲ್ಲ. ನಮ್ಮಿಬ್ಬರ ಹೆಸ್ರೂ ಅದೇ ಪುಸ್ತಕದಾಗೈತಿ. ಸಹಿ ಹಾಕು. ಅಲ್ಲೊಂದು ಮೇಲ್ಸೇತುವೆ ಕಟ್ಟಿಸ್ತೀನಿ, ನನ್ ಮಕ್ಕಳಾಣೆ."

"ಎಷ್ಟು ಮೆಟ್ಲು?"

"ಐವತ್ತೆರಡು."

"ಹತ್ತು ತಾಸು ನಿಂತ ಕಾಲಿಗೆ ಐವತ್ತೆರಡು ಮೆಟ್ಲಾ? ನೀನೊಂದ್ಸಲ ಹತ್ತು, ನಿಂತ್ಕಂಡು ನೋಡ್ತೀನಿ." ಅವಳು ಮೇಜಿನ ಮೇಲಿದ್ದ ಮಂಡಳಿಯ ಕಾಗದ ತೆಗೆದುಕೊಂಡಳು. ಸಹಿಯ ಜಾಗದಲ್ಲಿ ಸಾವಧಾನವಾಗಿ ಬರೆದಳು: ಈ ಎಣಿಕೆ ಸುಳ್ಳು. ಬರೆದವಳು ನಾನು. ನನ್ನ ಪುಸ್ತಕವನ್ನು ವಾಪಸು ಪಡೆದಿದ್ದೇನೆ. ಇದೇ ಜಟಕಾ ಇರುವ ಉಳಿದ ಮೂವತ್ತೂ ಇದರ ನಕಲು. ಅದರ ಕೆಳಗೆ ಸಹಿ ಹಾಕಿದಳು. "ತಗ. ಸಹಿ ಬೇಕು ಅಂದ್ಯಲ್ಲ."

ವಾಮದೇವ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹರಿಯುತ್ತಾನೇನೋ ಎಂದು ಅವಳಿಗೆ ಅನ್ನಿಸಿತು. ಹರಿಯಲಿಲ್ಲ, ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಹೋದ.

ಹೋದವನು ಅದನ್ನು ದಾಖಲಿಸಿದ, ಅಷ್ಟು ಮಾತ್ರ ಹೇಳಲೇಬೇಕು. ಶನಿವಾರ ಜೈತುನಬಿಯ ಕೋಣೆಯ ಹೆಸರುಫಲಕ ಬಿಚ್ಚಿದರು. ವಾಮದೇವನ ಮೇಲಿನ ಆದೇಶ ಇನ್ನೂ ದಾರಿಯಲ್ಲಿತ್ತು. ಅದೇ ದಿನ ಭಟ್ಟಿ ಸರ್ಕಲ್ಲಿನ ಮೂವತ್ತೊಂದು ಪುಸ್ತಕಗಳೂ ಗತಿಯ ನೆನಪಿನಿಂದ ಬಿದ್ದುಹೋದವು. ಎರಡೂ ಇಪ್ಪತ್ತರ ಖಾಲಿ ಜಾಗ ಮತ್ತೆ ಹುಟ್ಟಲಿಲ್ಲ. ಆದರೆ ಗೋಡೆ ಏಳುತ್ತಲೇ ಇತ್ತು. ಹೊಸ ಲೆಕ್ಕ ಸಿಗುವ ತನಕ ಹಳೇ ಪದ್ಧತಿಯೇ ಮುಂದುವರಿಯಲಿ ಎಂದು ಮಂಡಳಿ ತೀರ್ಮಾನಿಸಿತ್ತು. ಎರಡರಿಂದ ಮೂರರವರೆಗೆ ಗೋಡೆ ಏಳದಿರುವಾಗಿನ ಎಣಿಕೆ ಬೇಕು, ಗೋಡೆ ಹತ್ತಿದವರದ್ದು ದಾಟುವಿಕೆಯಲ್ಲ, ಅದು ಅತಿಕ್ರಮಣ ಎಂದೂ ಸೇರಿಸಿತ್ತು. ಗೋಡೆ ಇಳಿಸಲು ಮಾತ್ರ ಒಪ್ಪಲಿಲ್ಲ.

ಸೋಮವಾರ ಬೆಳಿಗ್ಗೆ ಜೈತುನಬಿ ಕಚೇರಿಯ ಕಿಟಕಿಗೆ ಹೋಗಿ ಆರನೇ ಸೆಮಿಸ್ಟರಿನ ಪ್ರಾಕ್ಟಿಕಲ್ಲಿಗೆ ಹೆಸರು ಬರೆಸಿದಳು. ಗುಮಾಸ್ತ ಅರ್ಜಿಯಿಂದ ತಲೆಯೆತ್ತಿ, "ಮಗಳಿಗಾ ಮೇಡಂ?" ಎಂದ. "ನನಗೇ ಕಣಪ್ಪ, ಬ್ಯಾಕ್‌ಲಾಗು," ಎಂದಳು.

ಮನೆಯಲ್ಲಿ ಮಾಬಮ್ಮನಿಗೆ ಒಂದೇ ಯೋಚನೆ. "ಆ ಹಾಳು ಬಿಲ್ಲೆ ಮೇಲೆ ಮನುಷ್ಯರು ನಿಂತಿದ್ರೆ?"

"ಇಪ್ಪತ್ತೈದು ಕಿಲೋ ಮೇಲೆ ಭಾರ ಇದ್ರೆ ಏಳಲ್ಲವ್ವ. ಯಾರಿಗೂ ಪೆಟ್ಟಾಗ್ಬಾರ್ದು ಅಂತ ಹಂಗೆ ಮಾಡ್ಯಾರೆ. ಗೋಡೆ ಏಳ್ಲಿಲ್ಲ ಅಂದ್ರೆ ಲಾರಿಗಳೂ ತಾವೇ ನಿಲ್ತವೆ."

"ಇದನ್ನ ಮೊದ್ಲೇ ಹೇಳಾಕೇನ್ ಧಾಡಿ?"

ಮಂಗಳವಾರ ಒಂದೂಮುಕ್ಕಾಲಿಗೆ, ಪಾಳಿ ಬಿಡುವ ಮೊದಲೇ, ಭಟ್ಟಿಯ ಕೆಲವು ಹೆಂಗಸರು ಚೀಲ ಹೊತ್ತು ಬಂದರು. ಮೊದಲು ಆಳೆತ್ತರದ ಮಂಡಕ್ಕಿ ಚೀಲಗಳನ್ನು ಸಾಲಾಗಿ ಇಟ್ಟರು. ಎರಡು ಗಂಟೆ ಹೊಡೆಯಿತು, ಬಿಲ್ಲೆಗಳು ಚೀಲಗಳನ್ನು ತಲೆಯ ಮೇಲೆ ಹೊತ್ತುಕೊಂಡೇ ಏಳತೊಡಗಿದವು. ಮಂಡಕ್ಕಿಗೆ ತೂಕವೆಲ್ಲಿಯದು! ಹನುಮಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏ, ಅದನ್ನ ಇಳಿಸ್ರೇ, ನಾವೇ ಕೂತ್ಕಳಣ. ನನ್ನೊಬ್ಬಾಕಿನ್ನ ಎತ್ಲಿ ನೋಡ್ತೀನಿ!" ಮೊಣಕಾಲೆತ್ತರಕ್ಕೆ ಬಂದಿದ್ದ ಬಿಲ್ಲೆಗಳ ಮೇಲೆ ಹೆಂಗಸರು ಸಾಲಾಗಿ ಕೂತರು. ಬಿಲ್ಲೆಗಳು ಒಮ್ಮೆ ನಡುಗಿ, ನಿಟ್ಟುಸಿರಿನಂಥ ಸದ್ದು ಮಾಡಿ ಕೆಳಗಿಳಿದವು. ಎರಡೂ ಬದಿಯ ಲಾರಿಗಳು ನಿಂತವು. ತಿಪ್ಪೇಶ ಮತ್ತು ಅವನ ಗೆಳೆಯರು ಓಡಿಬಂದು ಉಳಿದ ಬಿಲ್ಲೆಗಳ ಮೇಲೆ ಕೂತುಕೊಂಡರು.

ಜೈತುನಬಿ ಬೇವಿನ ಮರದ ಕೆಳಗೆ, ಮಡಿಲಲ್ಲಿ ಹೊಸ ಫೀಲ್ಡ್ ಬುಕ್ ಇಟ್ಟುಕೊಂಡು ಕೂತಿದ್ದಳು. ಫೋನು ಗುನುಗಿತು. ವಾಮದೇವ.

"ಜೈತು, ಲಾರಿಗಳೆಲ್ಲ ನಿಂತಾವೆ. ಎಬ್ಬಿಸು ಅವ್ರನ್ನ. ಮೇಲಿಂದ ಫೋನ್ ಮೇಲೆ ಫೋನ್ ಬರ್ತೈತಿ ನನಗೆ."

"ಎಬ್ಬಿಸಲ್ಲ."

"ಪೊಲೀಸ್ ಕಳಿಸ್ತಾರೆ."

"ಕಳಿಸ್ಲಿ. ನಡ್ಕಂಡು ಬಂದ್ರೆ ಅವ್ರನ್ನೂ ಎಣಿಸ್ತೀನಿ. ಒಂದ್ ತಾಸು ವಾಮು. ಮೂವತ್ತೊಂದು ವರ್ಷದ ಹಿಂದೆ ಕೂರ್ಬೇಕಾಗಿತ್ತು, ಇವತ್ತು ಕೂತೀನಿ. ನೀನೂ ಬಾ, ನಿಂದೂ ಬ್ಯಾಕ್‌ಲಾಗ್ ಐತಲ್ಲ." ಅವನು ಫೋನು ಇಡಲಿಲ್ಲ. ಅವಳು ಅದನ್ನು ಹಾಗೇ ಕಲ್ಲಿನ ಮೇಲಿಟ್ಟಳು. ಕೇಳಿಸಿಕೊಳ್ಳಲಿ.

ಭಟ್ಟಿಯ ಬಾಗಿಲು ತೆರೆಯಿತು. ಮಸಿ ಮುಖದ, ಎತ್ತಿ ಕಟ್ಟಿದ ಸೀರೆಯ ಹೆಂಗಸರು ಗುಂಪುಗುಂಪಾಗಿ ಹೊರಬಂದರು. ಎಲ್ಲರಿಗಿಂತ ಮುಂದೆ ಕೋಲೂರಿಕೊಂಡು, ಕಾಲಿಗೆ ಪಟ್ಟಿ ಸುತ್ತಿಕೊಂಡು ಮಾಬಮ್ಮ. ಕೂತಿದ್ದ ಹೆಂಗಸರ ನಡುವೆ ಬಿಟ್ಟಿದ್ದ ದಾರಿಯಲ್ಲಿ, ಆತುರವಿಲ್ಲದೆ, ನಿಂತ ಲಾರಿಗಳನ್ನು ಒಂದೊಂದಾಗಿ ದುರುಗುಟ್ಟಿ ನೋಡುತ್ತ ದಾಟಿದಳು. ಒಬ್ಬ ಚಾಲಕ ಹಾರ್ನ್ ಒತ್ತಿದ. ಅವಳು ನಿಂತು ಅವನ ಕಡೆ ಕೋಲು ಎತ್ತಿ ತೋರಿಸಿ, ಮತ್ತೆ ನಡೆದಳು.

ಮರದ ಕೆಳಗೆ ಬಂದು ಮಡಿಲಿನಿಂದ ಕಾಗದದ ಪೊಟ್ಟಣ ತೆಗೆದು ಮಗಳ ಮುಂದಿಟ್ಟಳು. ಮಂಡಕ್ಕಿ ಇನ್ನೂ ಬಿಸಿಯಿತ್ತು.

"ಬರ್ದೇನೇ?"

"ಬರ್ದೆ."

"ನಂದ್ಯಾವ್ದು, ತೋರ್ಸು."

ಜೈತುನಬಿ ಪುಟ ತಿರುಗಿಸಿ ತೋರಿಸಿದಳು. ಭಟ್ಟಿ ಸರ್ಕಲ್, ಎರಡರಿಂದ ಮೂರು. ಜಟಕಾದ ಅಂಕಣದಲ್ಲಿ ಸೊನ್ನೆ. ಪಾದಚಾರಿಗಳ ಅಂಕಣದಲ್ಲಿ, ಎಲ್ಲಕ್ಕಿಂತ ಮೊದಲು, ಉಳಿದವುಗಳಿಗಿಂತ ತುಸು ಉದ್ದವಾಗಿ ಒಂದು ಗೀಟು.

ಮಾಬಮ್ಮ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದಳು. ಮಸಿ ಹತ್ತಿದ ಬೆರಳಿಂದ ಆ ಗೀಟನ್ನು ಒಮ್ಮೆ ಒತ್ತಿದಳು. ಅಲ್ಲೊಂದು ಕಪ್ಪು ಗುರುತು ಉಳಿಯಿತು.

"ಹೂಂ," ಎಂದು ಮಗಳ ಪಕ್ಕ ಕೂತು ಮಂಡಕ್ಕಿ ಬಾಯಿಗೆ ಹಾಕಿಕೊಂಡಳು. "ನನ್ ಮುಖ ಏನ್ ನೋಡ್ತೀ, ಮುಂದೆ ನೋಡು. ಹನ್ನೊಂದು ಜನ ಹೋದ್ರು ಆಗ್ಲೇ."